ಕೊಂಡಿ ಮಾಮನ ರಿಪೇರಿ

ನಾವು ಐದು ಜನ. ಒಂದೇ ಹೈಸ್ಕೂಲಿನಲ್ಲಿ ಓದಿದವರು. ಈಗ ಒಬ್ಬ ದುಬೈಯಲ್ಲಿ, ಒಬ್ಬಳು ಮೆಲ್ಬರ್ನಿನಲ್ಲಿ, ಇಬ್ಬರು ಮೈಸೂರಿನಲ್ಲಿ. ನಾನು ಸಾಗರದಲ್ಲೇ ಉಳಿದವನು. ಟೆಲಿಗ್ರಾಂನಲ್ಲಿ ನಮ್ಮದೊಂದು ಗುಂಪಿದೆ. ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ, ದೀಪಾವಳಿಗೆ ದೀಪದ ಚಿತ್ರ. ಅಷ್ಟು ಬಿಟ್ಟರೆ ಅಲ್ಲಿ ಮಾತೇ ಇರಲಿಲ್ಲ.

ಮೆಲ್ಬರ್ನಿನವಳು ಒಂದು ದಿನ ಒಂದು ಆಟ ತಂದಳು. ಅವಳ ಆಫೀಸಿನಲ್ಲಿ ಊಟದ ಹೊತ್ತಿಗೆ ಆಡುತ್ತಾರಂತೆ. ಒಬ್ಬರು ಒಂದು ವಾಕ್ಯ ಬರೆಯಬೇಕು. ಅದರ ಕೊನೆಯ ಪದದಿಂದಲೇ ಮುಂದಿನವರು ತಮ್ಮ ವಾಕ್ಯ ಶುರು ಮಾಡಬೇಕು. ಹೀಗೇ ಸರಪಳಿ ಬೆಳೆಯುತ್ತದೆ. ಶಾಲೆಯಲ್ಲಿ ಆಡುತ್ತಿದ್ದ ಅಂತ್ಯಾಕ್ಷರಿಯ ಅಣ್ಣನ ಹಾಗಿದೆ ಅಂತ ಎಲ್ಲರೂ ಒಪ್ಪಿದರು.

ಎರಡೇ ದಿನಕ್ಕೆ ಜಗಳ. ಸರದಿ ಯಾರದ್ದು? ಆ ವಾಕ್ಯ ಮೊದಲೇ ಬಂದಿತ್ತಲ್ಲ? ಇವಳಿಗಾಗಿ ಎಷ್ಟು ಹೊತ್ತು ಕಾಯೋದು? "ನೀನು ಕಂಪ್ಯೂಟರ್ ಓದಿದವನು, ಇದಕ್ಕೊಂದು ಬಾಟ್ ಮಾಡೋ ಮಾರಾಯ" ಅಂದ ದುಬೈಯವನು. ಬಾಟ್ ಅಂದರೆ ಗುಂಪಿನೊಳಗೆ ಕೂತು ಮೆಸೇಜ್ ಓದಿ ತಾನೇ ಉತ್ತರ ಕೊಡುವ ಪ್ರೋಗ್ರಾಂ. ಒಂದು ವಾರದ ಕೆಲಸ ಅಂದುಕೊಂಡೆ. ಇಡೀ ಮಳೆಗಾಲ ಹಿಡಿಯಿತು. ಅದರಲ್ಲಿ ಪ್ರೋಗ್ರಾಂ ರಿಪೇರಿಗಿಂತ ಆಟದ ನಿಯಮದ ರಿಪೇರಿಗೇ ಜಾಸ್ತಿ ಹೊತ್ತು ಹೋಯಿತು. ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ. ಕನ್ನಡದಲ್ಲಿ ಇಂಥದ್ದು ಮಾಡಹೊರಟವರು ಇವೇ ಗುಂಡಿಗಳಲ್ಲಿ ಬೀಳುತ್ತಾರೆ.

ಸಾಮಾನು

ಹೊಸದಾಗಿ ಏನೂ ಕೊಳ್ಳಲಿಲ್ಲ. ಗಾಜು ಒಡೆದು ಡ್ರಾಯರ್‌ನಲ್ಲಿ ಬಿದ್ದಿದ್ದ ಆಂಡ್ರಾಯ್ಡ್ 8ರ ಫೋನ್ ಒಂದಿತ್ತು. ಅದೇ ಸರ್ವರ್. ಎಫ್-ಡ್ರಾಯ್ಡ್‌ನಿಂದ ಟರ್ಮಕ್ಸ್ ಇಳಿಸಿಕೊಂಡೆ. ಮೊದಲನೆಯದು ಆಪ್ ಅಂಗಡಿ, ಎರಡನೆಯದು ಫೋನಿನಲ್ಲಿ ಕಂಪ್ಯೂಟರಿನ ಹಾಗೆ ಪ್ರೋಗ್ರಾಂ ಓಡಿಸುವ ಆಪ್. ಅದರೊಳಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹಾಕಿದೆ. ವಾಕ್ಯಗಳನ್ನು ಇಡಲು ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯೂಲೈಟ್. ಪೈಥಾನ್ ಜೊತೆಗೇ ಬರುವುದರಿಂದ ಬೇರೆ ತಲೆನೋವಿಲ್ಲ.

ಟೆಲಿಗ್ರಾಂನಲ್ಲಿ ಬಾಟ್ ಹುಟ್ಟಿಸುವುದು ಸುಲಭ. ಬಾಟ್‌ಫಾದರ್ ಅನ್ನುವ ಖಾತೆಗೆ ಮೆಸೇಜ್ ಹಾಕಿದರೆ ಹೆಸರು ಕೇಳುತ್ತದೆ, ಒಂದು ಟೋಕನ್ (ಬಾಟ್ ನಡೆಸಲು ಬೇಕಾದ ಗುಟ್ಟಿನ ಕೀಲಿ) ಕೊಡುತ್ತದೆ. ಯೂಸರ್‌ನೇಮ್ ಮಾತ್ರ 'ಬಾಟ್' ಅಂತಲೇ ಮುಗಿಯಬೇಕು. ತೋರಿಸುವ ಹೆಸರು ನಮ್ಮಿಷ್ಟ. ನಾನು 'ಕೊಂಡಿ ಮಾಮ' ಅಂತಿಟ್ಟೆ.

ಮಾಮನ ಮೌನ

ಗುಂಪಿಗೆ ಸೇರಿಸಿದೆ. ನಾನು ವಾಕ್ಯ ಬರೆದೆ. ಮಾಮ ಸುಮ್ಮನೆ. ಇನ್ನೊಬ್ಬಳು ಬರೆದಳು. ಆಗಲೂ ಸುಮ್ಮನೆ. ಸ್ಲ್ಯಾಶ್ ಹಾಕಿ ಆಜ್ಞೆ ಕೊಟ್ಟರೆ ಮಾತ್ರ ಉತ್ತರ.

ಕೋಡಿನಲ್ಲಿ ತಪ್ಪೇ ಇರಲಿಲ್ಲ. ಟೆಲಿಗ್ರಾಂ ಬಾಟ್‌ಗಳು ಹುಟ್ಟುವಾಗಲೇ ಪ್ರೈವೆಸಿ ಮೋಡ್‌ನಲ್ಲಿ ಇರುತ್ತವೆ. ಗುಂಪಿನ ಎಲ್ಲ ಮಾತು ಅವುಗಳ ಕಿವಿಗೆ ಬೀಳುವುದಿಲ್ಲ. ಆಜ್ಞೆಗಳು, ಅವುಗಳಿಗೇ ಕೊಟ್ಟ ಉತ್ತರಗಳು, ಹೆಚ್ಚುಕಡಿಮೆ ಇಷ್ಟೇ. ಒಳ್ಳೆಯ ಏರ್ಪಾಡೇ. ಬಾಟ್‌ಫಾದರ್ ಹತ್ತಿರ ಹೋಗಿ ಅದನ್ನು ಆಫ್ ಮಾಡಿಸಿದೆ. ಆದರೂ ಮೌನ. ಬಾಟ್ ಅನ್ನು ಗುಂಪಿನಿಂದ ತೆಗೆದು ಮತ್ತೆ ಸೇರಿಸಿದ ಮೇಲೆ ಕಿವಿ ತೆರೆಯಿತು. ಇನ್ನೊಂದು ದಾರಿಯೂ ಇದೆ: ಅಡ್ಮಿನ್ ಮಾಡಿದರೆ ಮೋಡ್ ಏನೇ ಇರಲಿ, ಎಲ್ಲವೂ ಕೇಳಿಸುತ್ತದೆ.

'ಕನ್ನಡ' ಎರಡಾಯಿತು

ಮಾಮನ ಮೊದಲ ಕೆಲಸ ವಾಕ್ಯವನ್ನು ಪದಗಳಾಗಿ ಒಡೆಯುವುದು. ಎಲ್ಲರೂ ಮಾಡುವ ಹಾಗೆ, ಬರಹದಲ್ಲಿ ಬೇಕಾದ ಮಾದರಿ ಹುಡುಕುವ ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಹಾಕಿದೆ. ಅಂದರೆ 'ಪದದೊಳಗೆ ಬರುವ ಯಾವುದಾದರೂ ಅಕ್ಷರ'. 'ಕನ್ನಡ' ಅಂತ ಕೊಟ್ಟೆ. 'ಕನ', 'ನಡ' ಅಂತ ಎರಡು ತುಂಡು ಬಂತು. 'ಹೆಂಗಸರು' ಕೊಟ್ಟರೆ 'ಹ', 'ಗಸರ'.

ಕಾರಣ ಇಷ್ಟು. ಪೈಥಾನಿನ ಲೆಕ್ಕದಲ್ಲಿ ಕ, ನ, ಡ ಇವೆಲ್ಲ ಅಕ್ಷರಗಳು. ಗುಣಿತದ ಚಿಹ್ನೆ, ಸೊನ್ನೆ, ಒತ್ತು ಕೊಡಲು ಬೇಕಾದ ಅರ್ಧಾಕ್ಷರದ ಗುರುತು, ಇವು ಅಕ್ಷರಗಳಲ್ಲ, ಬರೀ ಗುರುತುಗಳು. ಗುರುತು ಸಿಕ್ಕ ಕಡೆಯೆಲ್ಲ ಪದ ಮುಗಿಯಿತು ಅಂದುಕೊಳ್ಳುತ್ತದೆ. ಇಂಗ್ಲಿಷಿಗೆ ಇದರಿಂದ ತೊಂದರೆಯೇ ಇಲ್ಲ. ನಮಗೆ ಮೈಯೆಲ್ಲ ಗಾಯ.

ಪರಿಹಾರ ಸರಳ. ಖಾಲಿ ಜಾಗ ಇದ್ದಲ್ಲಿ ಒಡೆದು, ಪೂರ್ಣವಿರಾಮ, ಪ್ರಶ್ನೆಚಿಹ್ನೆ, ಎಮೋಜಿ ಎಲ್ಲ ಒರೆಸಿ, ಯೂನಿಕೋಡಿನ (ಎಲ್ಲ ಲಿಪಿಗಳ ಪ್ರತಿ ಚಿಹ್ನೆಗೂ ಒಂದು ನಂಬರ್ ಕೊಡುವ ಪಟ್ಟಿ) ಕನ್ನಡ ಭಾಗದ 128 ಸ್ಥಾನಗಳಲ್ಲಿ ಇರುವುದನ್ನಷ್ಟೇ ಉಳಿಸಿಕೊಂಡೆ. ಜೊತೆಗೆ ಕಣ್ಣಿಗೆ ಕಾಣದ ಎರಡು ಜೋಡಕಗಳನ್ನೂ ಉಳಿಸಬೇಕು. 'ಲ್ಯಾಪ್‌ಟಾಪ್' ಅನ್ನುವಾಗ ಪ ಕೆಳಗೆ ಟ ಒತ್ತಾಗಿ ಬೀಳದಂತೆ ತಡೆಯುವುದು ಒಂದು. 'ರ‍್ಯಾಂಕ್' ಅನ್ನುವಾಗ ರ ಅರ್ಕಾವತ್ತಾಗದಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲ ಸಲ ಇವೆರಡನ್ನೂ ಕಸ ಅಂತ ಗುಡಿಸಿಬಿಟ್ಟಿದ್ದೆ.

ಮೊದಲ ನಿಯಮ: ಕೊನೆಯ ಪದ

ಈಗ ಆಟ ಶುರು. ಮೆಲ್ಬರ್ನಿನವಳ ನಿಯಮವನ್ನೇ ಹಾಕಿದ್ದೆ.

"ಸಾಗರಕ್ಕೆ ಮಳೆ ಬಂತು."
"ಬಂತು ನೋಡಿ ಕೊನೆಗೂ ಬಸ್ಸು ಬಂತು."
"ಬಂತು ಅಂತ ಓಡಿದರೆ ಬಸ್ಸು ಹೋಯಿತು."
"ಹೋಯಿತು ಅಂತ ಕೂತರೆ ಇನ್ನೊಂದು ಬಂತು."

ಮೊದಲ ಸಂಜೆ ನಕ್ಕೆವು. ಎರಡನೇ ದಿನ ದುಬೈಯವನು ಇದರ ಕೀಲಿಯನ್ನೇ ಕಂಡುಹಿಡಿದ. ಯಾವ ಪದ ಬಂದರೂ ಪಕ್ಕಕ್ಕೆ 'ಅಂತ' ಸೇರಿಸಿದರೆ ಸಾಕು, ವಾಕ್ಯ ನಿಲ್ಲುತ್ತದೆ. "ಹೇಳಿದ ಅಂತ ಇವಳು ಹೇಳಿದಳು." "ಹೇಳಿದಳು ಅಂತ ಅವರು ಹೇಳಿದರು." "ಹೇಳಿದರು ಅಂತ ನಾನೂ ಹೇಳಿದೆ." ಇಡೀ ಗುಂಪು ಊರ ಕಟ್ಟೆಯಾಯಿತು. ಯಾರು ಯಾರಿಗೆ ಏನು ಹೇಳಿದರು ಅನ್ನುವುದು ಕೊನೆಗೂ ಗೊತ್ತಾಗಲಿಲ್ಲ. 'ಅಂತ', 'ಎಂದು' ಎರಡನ್ನೂ ನಿಷೇಧಿಸಿದೆ. 'ಅನ್ನುವ' ಬಂತು. ಅದನ್ನೂ ನಿಷೇಧಿಸಿದೆ. 'ಅಂದ್ರೆ' ಬಂತು.

ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ ಎಷ್ಟೋ ಸಲ ಒಂದು ವಸ್ತುವೋ ಜಾಗವೋ ಬಂದು ಕೂರುತ್ತದೆ. 'ಅಜ್ಜಿ ಇಳಿಸಿದಳು ಭರಣಿ' ಅನ್ನುವ ಕ್ರಮ. ಭರಣಿ ಹಿಡಿದು ಮುಂದಿನವರು ಹೊರಡಬಹುದು. ಕನ್ನಡದಲ್ಲಿ ಕೊನೆಗೆ ಕ್ರಿಯಾಪದ. ಭರಣಿ ಅದರ ಹಿಂದೆ ಅಡಗಿರುತ್ತದೆ. ಕ್ರಿಯಾಪದದಿಂದ ವಾಕ್ಯ ಶುರು ಮಾಡಿದರೆ ಒಂದೋ ಪದ್ಯವಾಗುತ್ತದೆ, ಇಲ್ಲಾ ಯಕ್ಷಗಾನದ ಮಾತಾಗುತ್ತದೆ. ಒಂದೆರಡು ಸಲ ಚೆನ್ನ. ಐವತ್ತು ಸಲ ಯಾರು ಕೇಳುತ್ತಾರೆ?

ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಆಗ ನಾನು ಮಾಡಿದ್ದು ಇನ್ನೊಂದು ದಡ್ಡತನ.

ಎರಡನೇ ನಿಯಮ: ಕೊನೆಯ ಅಕ್ಷರ

ಅಂತ್ಯಾಕ್ಷರಿಯ ನಿಯಮವನ್ನೇ ತಂದೆ. ವಾಕ್ಯದ ಕೊನೆಯ ಅಕ್ಷರದಿಂದ ಮುಂದಿನ ವಾಕ್ಯ. ಅದಕ್ಕೆ ಮಾಮನಿಗೆ ಅಕ್ಷರ ಎಂದರೇನು ಅಂತ ಕಲಿಸಬೇಕಿತ್ತು. ಇಲ್ಲಿ ಒಂದು ಇಡೀ ಭಾನುವಾರ ಹೋಯಿತು. ಆದರೆ ಮಜಾ ಇತ್ತು.

'ಸ್ತ್ರೀ' ನಮ್ಮ ಬಾಯಿಗೆ ಒಂದೇ ಅಕ್ಷರ. ಪೈಥಾನ್ ಎಣಿಸಿದರೆ ಆರು: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಗುರುತು, ರ, ದೀರ್ಘ ಈ ಚಿಹ್ನೆ. 'ಕರ್ನಾಟಕ' ನಮಗೆ ನಾಲ್ಕು, ಅದಕ್ಕೆ ಏಳು. ಅರ್ಕಾವತ್ತಿನದು ಇನ್ನೊಂದು ಕಥೆ. ನಾವು ಕೈಯಲ್ಲಿ ಬರೆಯುವಾಗ ಅದು ಆಮೇಲೆ ಬರುತ್ತದೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ರ ಮೊದಲೇ ಕೂತಿರುತ್ತದೆ.

ಇದಕ್ಕೆ ಸಿದ್ಧ ಪರಿಹಾರ ಇದ್ದೇ ಇರುತ್ತದೆ ಅಂದುಕೊಂಡೆ. ಪೈಥಾನಿಗೆ ರೀಜೆಕ್ಸ್ ಅಂತ ಬೇರೊಂದು ಲೈಬ್ರರಿ ಇದೆ. ಅದು ಗ್ರಾಫೀಮ್ ಲೆಕ್ಕದಲ್ಲಿ ಒಡೆಯುತ್ತದೆ, ಅಂದರೆ ಓದುವವರು ಒಂದೇ ಅಂದುಕೊಳ್ಳುವ ತುಂಡುಗಳಾಗಿ. 'ಸ್ತ್ರೀ' ಕೊಟ್ಟೆ. 'ಸ್', 'ತ್', 'ರೀ' ಅಂತ ಮೂರು ಬಂತು. ಹುಡುಕಿದಾಗ ಗೊತ್ತಾಯಿತು. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಂದೇ ತುಂಡಾಗಿ ನೋಡುವ ನಿಯಮ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಪಕ್ಕದ ಮನೆಯ ತೆಲುಗಿಗೆ ಸಿಕ್ಕಿದ್ದು ನಮಗೆ ಸಿಗಲಿಲ್ಲ, ನೋಡಿ.

ಸರಿ, ಕೈಯಾರೆ ಬರೆದೆ. ನಿಯಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ವ್ಯಂಜನ ಬಂದು ಅದರ ಬೆನ್ನಿಗೇ ಅರ್ಧಾಕ್ಷರದ ಗುರುತು ಬಂದರೆ ಮುಂದಿನ ವ್ಯಂಜನವನ್ನೂ ಸೇರಿಸಿಕೋ. ಗುರುತು ಇಲ್ಲದ ವ್ಯಂಜನ ಸಿಕ್ಕರೆ ಅದರ ಗುಣಿತವನ್ನೂ, ಸೊನ್ನೆ ಅಥವಾ ವಿಸರ್ಗ ಇದ್ದರೆ ಅದನ್ನೂ ಎತ್ತಿಕೊಂಡು ಅಲ್ಲಿಗೆ ನಿಲ್ಲಿಸು. ಮಧ್ಯೆ ಕಾಣದ ತಡೆ ಇದ್ದರೆ ಅಲ್ಲೇ ಕತ್ತರಿಸು. ಸ್ವರ ಒಂಟಿಯಾಗಿ ಬಂದರೆ ಅದೇ ಒಂದು ಅಕ್ಷರ. ಇಪ್ಪತ್ತು ಸಾಲಿನೊಳಗೆ ಮುಗಿಯಿತು. ಇದಕ್ಕೂ ಮೊದಲು ಇನ್ನೊಂದು ಕೆಲಸ ಮರೆಯಬಾರದು. 'ಕೋ' ಅನ್ನುವುದನ್ನು ಒಂದೇ ಚಿಹ್ನೆಯಲ್ಲೂ ಇಡಬಹುದು, ಎತ್ವ, ಕೊಂಬಿನ ಇಳಿ, ದೀರ್ಘ ಅಂತ ಮೂರು ತುಂಡಿನಲ್ಲೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿದರೆ ಬೇರೆ. ಎಲ್ಲವನ್ನೂ ಮೊದಲು ಒಂದೇ ರೂಪಕ್ಕೆ ತರಬೇಕು. ಪೈಥಾನ್‌ನಲ್ಲಿ ಅದು ಒಂದೇ ಸಾಲು.

ಕೋಡ್ ಚೆನ್ನಾಗಿ ಓಡಿತು. ಆಟ ಕುಂಟಿತು.

"ಹೊರಗೆ ಮಳೆ ಬರುತ್ತಿದೆ." ಕೊನೆಯ ಅಕ್ಷರ ದೆ.
"ದೆವ್ವಕ್ಕೂ ಕೊಡೆ ಬೇಕಾಗಿದೆ." ದೆ.
"ದೆಹಲಿಯಲ್ಲಿ ಚಳಿ ಇದೆ." ದೆ.

ದೆ ಇಂದ ಎಷ್ಟು ಪದ ಹುಡುಕುವುದು? ಗುಣಿತ ಯಾವುದಾದರೂ ಆಗಲಿ, ದ ಇದ್ದರೆ ಸಾಕು ಅಂತ ಸಡಿಲ ಮಾಡಿದೆ. ಆಗಲೂ ನಾಲ್ಕೈದು ಅಕ್ಷರಗಳಲ್ಲೇ ಗಿರಕಿ. ನೆ, ರೆ, ದೆ, ತು, ಳು. ನಮ್ಮ ಕ್ರಿಯಾಪದಗಳು ಅಲ್ಲೇ ಹೋಗಿ ನಿಲ್ಲುತ್ತವೆ.

ಅದರಲ್ಲೂ ಳು. ಕನ್ನಡದಲ್ಲಿ ಳ ಇಂದಲೂ ಣ ಇಂದಲೂ ಪದ ಶುರುವಾಗುವುದಿಲ್ಲ. ಜಪಾನಿನ ಮಕ್ಕಳು ಆಡುವ ಶಿರಿತೋರಿ ಆಟದಲ್ಲಿ 'ನ್' ಅಂತ ಮುಗಿಯುವ ಪದ ಹೇಳಿದವರು ಸೋಲುತ್ತಾರೆ, ಯಾಕೆಂದರೆ ಅದರಿಂದ ಶುರುವಾಗುವ ಪದವಿಲ್ಲ. ನಮ್ಮಲ್ಲಿ ಉಲ್ಟಾ ನಡೆಯಿತು. ಮೈಸೂರಿನ ಒಬ್ಬಳು ಪ್ರತಿ ವಾಕ್ಯಕ್ಕೂ ಹೆಂಗಸನ್ನೇ ತಂದು ನಿಲ್ಲಿಸಿದಳು. ಬಂದಳು, ಹೋದಳು, ತಿಂದಳು. ಮುಂದಿನವನು ಕಕ್ಕಾಬಿಕ್ಕಿ. ಳ ಬಂದರೆ ಲ, ಣ ಬಂದರೆ ನ ಅಂತ ಮಾಡಿದೆ. ಲ ಕೂಡ ಎಷ್ಟು ದಿನ ಬರುತ್ತದೆ? ಲೋಟ, ಲಾರಿ, ಲಂಗ, ಲಾಡು ಮುಗಿದ ಮೇಲೆ ಲೆಕ್ಕಾಚಾರವೂ ಮುಗಿಯಿತು.

ಪೆನ್ಸಿಲ್ ಹಿಡಿದ ರಾತ್ರಿ

ಆ ವಾರ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಲ್ಯಾಪ್‌ಟಾಪ್ ಬಿಟ್ಟು, ಆವರೆಗಿನ ವಾಕ್ಯಗಳನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡೆ. ಬಾಟ್ ಏನು ಕೇಳಿತು ಅನ್ನುವುದನ್ನು ಬದಿಗಿಟ್ಟೆ. ಒಂದು ವಾಕ್ಯ ಓದಿದ ಮೇಲೆ ಮುಂದಿನವರು ನಿಜವಾಗಿ ಯಾವುದರ ಬಗ್ಗೆ ಮಾತಾಡಿದ್ದಾರೆ ಅಂತ ಅಡಿಗೆರೆ ಎಳೆಯುತ್ತ ಹೋದೆ.

ಎರಡು ಪುಟ ಮುಗಿಯುವ ಹೊತ್ತಿಗೆ ಗೆರೆಗಳೆಲ್ಲ ಒಂದೇ ಜಾಗದಲ್ಲಿ ಬಿದ್ದಿದ್ದವು. ಕ್ರಿಯಾಪದದ ಹಿಂದಿನ ಪದ. "ಹೊರಗೆ ಮಳೆ ಬರುತ್ತಿದೆ" ಅಂದರೆ ಮುಂದಿನವರ ಕಣ್ಣು ಮಳೆಯ ಮೇಲೆ. ಕನ್ನಡದಲ್ಲಿ ಒತ್ತಿ ಹೇಳಬೇಕಾದದ್ದನ್ನು ನಾವು ಕ್ರಿಯಾಪದದ ಪಕ್ಕಕ್ಕೇ ತಂದು ಕೂರಿಸುತ್ತೇವೆ. "ಹಣ ನಾನು ಕೊಟ್ಟೆ" ಅಂದರೆ ಕೊಟ್ಟವನ ಮೇಲೆ ಒತ್ತು. "ನಾನು ಹಣ ಕೊಟ್ಟೆ" ಅಂದರೆ ಹಣದ ಮೇಲೆ.

ಹೊಸ ನಿಯಮ: ಕೊನೆಯಿಂದ ಎರಡನೆಯ ಪದವೇ ಕೊಂಡಿ. ಮುಂದಿನ ವಾಕ್ಯ ಆ ಕೊಂಡಿಯಿಂದ ಶುರುವಾಗಬೇಕು. ವಿಭಕ್ತಿ ಯಾವುದಾದರೂ ಆಗಬಹುದು.

"ಅಜ್ಜಿ ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಿದಳು."
"ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಹರಿದಿತ್ತು."
"ಬಟ್ಟೆ ಒಣಗಿಸಲು ಮಾಳಿಗೆಗೆ ಹೋದ ಮಾವನಿಗೆ ಮಂಗ ಸಿಕ್ಕಿತು."
"ಮಂಗನಿಗೆ ಮಾವನ ಕನ್ನಡಕ ಬೇಕಿತ್ತು."

ಮೊದಲ ಸಲ ಕಥೆ ಹುಟ್ಟಿತು. ಆ ರಾತ್ರಿ ಮೆಲ್ಬರ್ನಿನವಳು ಮಲಗಲೇ ಇಲ್ಲ.

"ಅವನು ನನ್ನ ತಮ್ಮ" ಅನ್ನುವಂಥ ಕ್ರಿಯಾಪದವಿಲ್ಲದ ವಾಕ್ಯಗಳು ತಕ್ಷಣ ಬಂದವು. ಅಲ್ಲಿ ಕೊನೆಯ ಪದವೇ ವಿಷಯ. "ಅವನು ಮನೆಯಲ್ಲಿಲ್ಲ" ಅಂದರೆ 'ಇಲ್ಲ' ಸಂಧಿಯಾಗಿ ಮನೆಯೊಳಗೆ ಸೇರಿಕೊಂಡಿದೆ. ವಾಕ್ಯದ ವ್ಯಾಕರಣ ಬಿಡಿಸುವ ಪ್ರೋಗ್ರಾಂ ಬರೆಯಲು ನನ್ನ ಹತ್ತಿರ ಹೊತ್ತೂ ಇಲ್ಲ, ಬುದ್ಧಿಯೂ ಇಲ್ಲ. ಕೊನೆಯ ಎರಡು ಪದಗಳಲ್ಲಿ ಯಾವುದನ್ನಾದರೂ ಹಿಡಿಯಬಹುದು ಅಂತ ಮಾಡಿಬಿಟ್ಟೆ. ಮಾಮ ಎರಡನ್ನೂ ತೋರಿಸುತ್ತಾನೆ, ಆಟಗಾರ ಆರಿಸಿಕೊಳ್ಳುತ್ತಾನೆ. ಆಯ್ಕೆ ಸಿಕ್ಕಿದ ಮೇಲೆ ಕ್ರಿಯಾಪದ ಹಿಡಿಯುವವರು ತಾವಾಗಿಯೇ ಕಡಿಮೆಯಾದರು. 'ಅಂತ' ಮೇಲಿನ ನಿಷೇಧವನ್ನೂ ತೆಗೆದುಹಾಕಿದೆ.

ಮಂಗವೂ ಮಂಗನಿಗೆಯೂ

'ಮಂಗ', 'ಮಂಗನಿಗೆ' ಎರಡೂ ಒಂದೇ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಮೊದಲು ನಿಘಂಟಿನ ದಾರಿ ನೋಡಿದೆ. ವಿ. ಕೃಷ್ಣ ಅವರ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ. ಒಂದೂವರೆ ಲಕ್ಷ ಪದ. ಅದ್ಭುತ ಕೆಲಸ. ಆದರೆ ನಿಘಂಟಿನಲ್ಲಿ 'ಮನೆ' ಇರುತ್ತದೆ, 'ಮನೆಯವರಿಗೆಲ್ಲ' ಇರುವುದಿಲ್ಲ. ನಾವು ಮಾತಾಡುವುದು ಎರಡನೆಯದನ್ನು.

ಹಾಗಾಗಿ ಒಂದು ಒರಟು ಉಪಾಯ ಮಾಡಿದೆ. ಮೊದಲ ಅಕ್ಷರ ಪೂರ್ತಿ ಹೊಂದಬೇಕು. ಎರಡನೇ ಅಕ್ಷರದಲ್ಲಿ ಮೊದಲ ವ್ಯಂಜನ ಹೊಂದಿದರೆ ಸಾಕು. ಗುಣಿತ, ಒತ್ತು ನೋಡುವುದಿಲ್ಲ. ಯಾಕೆಂದರೆ 'ಊರು' ಅನ್ನುವುದು 'ಊರಿಗೆ' ಆಗುವಾಗ ರು ಹೋಗಿ ರಿ ಬರುತ್ತದೆ. 'ಬಸ್' ಅಂತ ಒಬ್ಬ ಬರೆದರೆ 'ಬಸ್ಸಿನಲ್ಲಿ' ಅಂತ ಇನ್ನೊಬ್ಬಳು ಬರೆಯುತ್ತಾಳೆ. 'ಕೈ'ನಂಥ ಒಂದೇ ಅಕ್ಷರದ ಪದಕ್ಕೆ ಅದೊಂದು ಹೊಂದಿದರೆ ಆಯಿತು.

ಇದಕ್ಕೆ ಸಿಗದವು ಕೆಲವು. ನಾನು, ನನ್ನ. ನೀನು, ನಿನ್ನ. ಬರು, ಬಂದ. ತರು, ತಂದ. ಕೊಡು, ಕೊಟ್ಟ. ನಗು, ನಕ್ಕ. ಸಾಯು, ಸತ್ತ. ಇವನ್ನು ಕೈಯಲ್ಲೇ ಪಟ್ಟಿ ಮಾಡಿ ತುಂಬಿದೆ. ತುಂಬುತ್ತ ಹೋದ ಹಾಗೆ ನನ್ನ ಭಾಷೆಯಲ್ಲಿ ಇಷ್ಟು ವಕ್ರ ಕ್ರಿಯಾಪದಗಳು ಇವೆಯಾ ಅನ್ನಿಸಿತು. ಹುಟ್ಟಿನಿಂದ ಆಡುತ್ತಿರುವವರಿಗೆ ಇದು ಕಾಣುವುದೇ ಇಲ್ಲ.

ಒರಟು ಉಪಾಯದ ಅಡ್ಡ ಪರಿಣಾಮವೂ ಬಂತು. 'ಮರ' ಕೊಂಡಿಯಾಗಿದ್ದಾಗ ಒಬ್ಬ 'ಮರಿ' ಅಂತ ಶುರು ಮಾಡಿದ. ಮಾಮ ಒಪ್ಪಿದ. 'ಗಂಟೆ'ಗೆ 'ಗಂಟು' ಬಂತು. ಅದನ್ನೂ ಒಪ್ಪಿದ. ಕೊನೆಗೆ 'ಹುಲಿ'ಗೆ 'ಹುಲ್ಲು' ಹಾಕಿದರು. ಹುಲಿ ಹಸಿದರೂ ಹುಲ್ಲು ತಿನ್ನುವುದಿಲ್ಲ ಅನ್ನುತ್ತಾರೆ. ನಮ್ಮ ಮಾಮ ತಿನ್ನಿಸಿಯೇ ಬಿಟ್ಟ.

ಸರಿಮಾಡಲು ಕೂತೆ. ಯಾರೂ ಬಿಡಲಿಲ್ಲ. ಇವಕ್ಕೆ 'ಕಳ್ಳ ಕೊಂಡಿ' ಅಂತ ಹೆಸರಿಟ್ಟು, ಸಿಕ್ಕಿಬೀಳದೆ ದಾಟಿಸಿದವರಿಗೆ ಒಂದು ಅಂಕ ಜಾಸ್ತಿ ಅಂತ ತಾವೇ ತೀರ್ಮಾನ ಮಾಡಿಕೊಂಡರು. ಹಿಡಿಯಬೇಕಾದರೆ ವಾಕ್ಯದ ಕೆಳಗೆ 'ತಕರಾರು' ಅಂತ ಒಂದು ಬಟನ್. ಇಬ್ಬರು ಒತ್ತಿದರೆ ವಾಕ್ಯ ರದ್ದು.

ಈ ಬಟನ್ ಕೂಡ ಸುಲಭಕ್ಕೆ ಬಗ್ಗಲಿಲ್ಲ. ಒತ್ತಿದಾಗ ಯಾವ ವಾಕ್ಯ ಅಂತ ತಿಳಿಯಲಿ ಎಂದು ಬಟನ್ನಿನ ಹಿಂದೆ ವಾಕ್ಯವನ್ನೇ ಇಟ್ಟಿದ್ದೆ. ಚಿಕ್ಕ ವಾಕ್ಯಕ್ಕೆ ಸರಿ, ಉದ್ದ ಆದರೆ ಟೆಲಿಗ್ರಾಂ ಎರರ್ ಕೊಡುತ್ತದೆ. ಬಟನ್ನಿನ ಹಿಂದೆ ಇಡಬಹುದಾದದ್ದು 64 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ ಮೂರು. ಅಂದರೆ 21 ಚಿಹ್ನೆ ಅಷ್ಟೇ. 'ಉಪ್ಪಿನಕಾಯಿ' ಒಂದೇ 30 ಬೈಟ್ ತಿನ್ನುತ್ತದೆ. ವಾಕ್ಯದ ಬದಲು ಅದರ ನಂಬರ್ ಇಟ್ಟೆ.

ಸೊನ್ನೆಯ ಕಾಟ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎರಡು ರಾತ್ರಿ ತಿಂದ ದೋಷ ಇದು.

ಮೈಸೂರಿನ ಇನ್ನೊಬ್ಬ ಗೆಳೆಯ ಆಫೀಸಿನ ಕಂಪ್ಯೂಟರಿನಿಂದ ಆಡುತ್ತಾನೆ. (ಕೆಲಸದ ಹೊತ್ತಿನಲ್ಲಿ. ಅದು ಅವನ ಕರ್ಮ.) ಅವನ ವಾಕ್ಯಗಳು ಆಗಾಗ ಸುಮ್ಮನೆ ತಿರಸ್ಕಾರ ಆಗುತ್ತಿದ್ದವು. ಕೊಂಡಿ 'ಮಂಗ', ಅವನ ವಾಕ್ಯ "ಮ೦ಗನ ಕೈಗೆ ಮಾಣಿಕ್ಯ ಕೊಟ್ಟೆವು". ಮಾಮ ಹೇಳುತ್ತಾನೆ: ಹೊಂದಲಿಲ್ಲ. "ನಿನ್ನ ಮಾಮನಿಗೆ ಕನ್ನಡಕ ಕೊಡಿಸೋ" ಅಂದ.

ಎರಡೂ ಪದ ಪಕ್ಕ ಪಕ್ಕ ಇಟ್ಟು ನೋಡಿದೆ. ವ್ಯತ್ಯಾಸ ಕಾಣಲಿಲ್ಲ. ಅಕ್ಷರ ಒಡೆಯುವ ಕೋಡನ್ನು ಎರಡು ಸಲ ತಿರುವಿ ಬರೆದೆ. ಊಹೂಂ. ಕೊನೆಗೆ ಒಂದೊಂದೇ ಚಿಹ್ನೆಯ ಯೂನಿಕೋಡ್ ಹೆಸರನ್ನು ಪ್ರಿಂಟ್ ಮಾಡಿಸಿದೆ. ನನ್ನ ಪದದಲ್ಲಿ: ಮ, ಅನುಸ್ವಾರ, ಗ. ಅವನ ಪದದಲ್ಲಿ: ಮ, ಅಂಕಿ ಸೊನ್ನೆ, ಗ.

ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಉರುಟು. ಅವನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ, ಅದನ್ನು ಯೂನಿಕೋಡಿಗೆ ಬದಲಿಸಿ, ಇಲ್ಲಿ ಪೇಸ್ಟ್ ಮಾಡುತ್ತಿದ್ದ. ಬದಲಿಸುವಾಗ ಅನುಸ್ವಾರದ ಜಾಗಕ್ಕೆ ಅಂಕಿ ಬಂದು ಕೂರುತ್ತಿತ್ತು. ಇಂಟರ್‌ನೆಟ್‌ನ ಹಳೆಯ ಕನ್ನಡ ಬರಹಗಳಲ್ಲಿ ಇದು ಬೇಕಾದಷ್ಟು ಸಿಗುತ್ತದೆ. ಹುಡುಕಿದರೆ ಸಿಗಬೇಕಾದದ್ದು ಸಿಗದೇ ಇರುವುದಕ್ಕೆ ಇದೂ ಒಂದು ಕಾರಣ.

ಪರಿಹಾರ ಒಂದು ಸಾಲು: ಕನ್ನಡ ಅಕ್ಷರದ ಅಥವಾ ಗುಣಿತದ ಬೆನ್ನಿಗೇ ಅಂಕಿ ಸೊನ್ನೆ ಬಂದರೆ ಅದನ್ನು ಅನುಸ್ವಾರ ಮಾಡು. ಬೇರೆ ಅಂಕಿಯ ಪಕ್ಕ ಇದ್ದರೆ ಮುಟ್ಟಬೇಡ. ಇಲ್ಲದಿದ್ದರೆ '೧೦' ಹೋಗಿ ಇನ್ನೇನೋ ಆಗುತ್ತದೆ. ಗೆಳೆಯನ ತಿರಸ್ಕಾರವಾದ ವಾಕ್ಯಗಳಿಗೆಲ್ಲ ಅಂಕ ವಾಪಸ್ ಕೊಟ್ಟೆ. ಅವನು ಒಂದೇ ಏಟಿಗೆ ಮೊದಲ ಸ್ಥಾನಕ್ಕೆ ಹೋದ. ಈಗಲೂ ಆ ವಾರದ ಬಗ್ಗೆ ಮಾತಾಡುತ್ತಾನೆ.

ಇಬ್ಬರು ಮಾಮಂದಿರು, ಕಳೆದುಹೋದ ಗುಂಪು

ಚಿಕ್ಕವು ಎರಡು. ಫೋನಿನಲ್ಲಿ ಮಾಮ ಓಡುತ್ತಿರುವಾಗಲೇ ಲ್ಯಾಪ್‌ಟಾಪಿನಲ್ಲೂ ಅದೇ ಟೋಕನ್ ಹಾಕಿ ಪರೀಕ್ಷೆ ಮಾಡಿದೆ. 409 ಎರರ್. ಒಂದೇ ಟೋಕನ್ ಇಟ್ಟುಕೊಂಡು ಇಬ್ಬರು ಮೆಸೇಜ್ ಕೇಳುವಂತಿಲ್ಲ, ಒಬ್ಬರನ್ನೊಬ್ಬರು ಹೊರಗೆ ತಳ್ಳುತ್ತಾರೆ. ಪರೀಕ್ಷೆಗೆ ಬೇರೆ ಬಾಟ್ ಹುಟ್ಟಿಸಿದೆ.

ಇನ್ನೊಂದು ದಿನ ಮಾಮ ಇದ್ದಕ್ಕಿದ್ದಂತೆ ಎಲ್ಲ ಅಂಕ ಮರೆತ. ಹೊಸಬರಿಗೆ ಹಳೆಯ ಮಾತುಕತೆ ಕಾಣಲಿ ಅಂತ ಯಾರೋ ಸೆಟ್ಟಿಂಗ್ ಬದಲಿಸಿದ್ದರು. ಹಾಗೆ ಮಾಡಿದರೆ ಸಾಮಾನ್ಯ ಗುಂಪು ಸೂಪರ್‌ಗ್ರೂಪ್ ಆಗುತ್ತದೆ, ಅದರ ಐಡಿಯೇ ಬದಲಾಗುತ್ತದೆ. ಮಾಮನಿಗೆ ಅದು ಹೊಸ ಗುಂಪು. ಟೆಲಿಗ್ರಾಂ ಹೊಸ ಐಡಿಯನ್ನು ತಾನೇ ತಿಳಿಸುತ್ತದೆ. ನಾನು ಕೇಳಿಸಿಕೊಳ್ಳುವ ಕೋಡ್ ಬರೆದಿರಲಿಲ್ಲ, ಅಷ್ಟೇ.

ಕರೆಂಟು

ಜುಲೈನಲ್ಲಿ ಸಾಗರದ ಕಡೆ ಮರ ಬಿದ್ದು ಲೈನ್ ಹೋದರೆ ಸಂಜೆವರೆಗೆ ಕೇಳುವ ಹಾಗಿಲ್ಲ. ಫೋನಿಗೆ ಅದರದೇ ಬ್ಯಾಟರಿ ಇದೆ, ಯುಪಿಎಸ್ ಬೇಡ ಅಂತ ನಾನು ಬೀಗಿದ್ದೆ. ಫೋನ್ ಎದ್ದೇ ಇತ್ತು. ವೈಫೈ ರೌಟರ್ ಸತ್ತಿತ್ತು.

ಐದು ಗಂಟೆ ಆದ ಮೇಲೆ ಕರೆಂಟು ಬಂತು. ಬಾಟ್‌ಗೆ ಬಂದ ಮೆಸೇಜುಗಳನ್ನು ಟೆಲಿಗ್ರಾಂ 24 ಗಂಟೆವರೆಗೆ ಇಟ್ಟುಕೊಂಡಿರುತ್ತದೆ. ಎಲ್ಲವೂ ಒಟ್ಟಿಗೆ ಬಂದು ಬಿದ್ದವು. ಮಾಮ ಗಡಿಯಾರ ನೋಡಿದ, ಎಲ್ಲರೂ ಹೊತ್ತು ಮೀರಿದ್ದಾರೆ ಅಂತ ತೀರ್ಮಾನಿಸಿದ, ಐದೂ ಜನರನ್ನು ಒಂದೇ ನಿಮಿಷದಲ್ಲಿ ಔಟ್ ಮಾಡಿದ. ನನ್ನನ್ನೂ ಸೇರಿಸಿ. ಮೆಸೇಜ್ ತನ್ನ ಕೈಗೆ ಬಂದ ಹೊತ್ತನ್ನು ನೋಡುತ್ತಿದ್ದ, ಕಳಿಸಿದ ಹೊತ್ತನ್ನಲ್ಲ. ಪ್ರತಿ ಮೆಸೇಜಿನಲ್ಲೂ ಕಳಿಸಿದ ಹೊತ್ತು ಇದ್ದೇ ಇರುತ್ತದೆ. ಅದನ್ನೇ ಬಳಸುವ ಹಾಗೆ ಬದಲಿಸಿದೆ.

ಸರದಿಯ ಹೊತ್ತು ಮೊದಲು ಹತ್ತು ನಿಮಿಷ ಇತ್ತು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಮೆಲ್ಬರ್ನ್ ನಾಲ್ಕೂವರೆ ಗಂಟೆ ಮುಂದೆ, ಅಕ್ಟೋಬರ್ ಬಂದರೆ ಐದೂವರೆ. ಹತ್ತು ನಿಮಿಷ ಯಾರಿಗೂ ಸಾಕಾಗಲಿಲ್ಲ. ಈಗ ಎಂಟು ಗಂಟೆ ಇದೆ. ಮಲಗಿ ಎದ್ದು ಬರೆಯಬಹುದು. ವಾಕ್ಯಗಳೂ ಸುಧಾರಿಸಿವೆ.

ಟರ್ಮಕ್ಸ್ ಅನ್ನು ಆಂಡ್ರಾಯ್ಡ್ ರಾತ್ರಿ ಹೊತ್ತು ಸದ್ದಿಲ್ಲದೆ ಕೊಲ್ಲುತ್ತಿತ್ತು. ವೇಕ್ ಲಾಕ್ (ಫೋನ್ ನಿದ್ದೆ ಹೋಗದಂತೆ ತಡೆಯುವ ಏರ್ಪಾಡು) ಹಾಕಿ, ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಅದನ್ನು ತೆಗೆದ ಮೇಲೆ ನಿಂತಿತು. ಕೊನೆಯ ದೋಷ ಕೈಗೆ ಸಿಕ್ಕಿದ್ದು, ಕಣ್ಣಿಗಲ್ಲ. ಒರೆಸೋಣ ಅಂತ ಫೋನ್ ಎತ್ತಿದರೆ ಹಿಂಬದಿ ಉಬ್ಬಿತ್ತು. ಮೂರು ತಿಂಗಳು ಹಗಲು ರಾತ್ರಿ ಚಾರ್ಜರಿನಲ್ಲೇ ಇಟ್ಟಿದ್ದೆ. ಬಿಸಿ, ಅದರ ಜೊತೆಗೆ ಸದಾ ತುಂಬಿಯೇ ಇದ್ದ ಬ್ಯಾಟರಿ. ಉಬ್ಬಿದ್ದನ್ನು ಚುಚ್ಚುವುದು, ಒತ್ತುವುದು ಮಾಡಬಾರದು, ಬೆಂಕಿ ಹತ್ತಿಕೊಳ್ಳುತ್ತದೆ. ಆಫ್ ಮಾಡಿ, ಪೇಟೆಯ ಮೊಬೈಲ್ ರಿಪೇರಿ ಅಂಗಡಿಗೆ ಒಯ್ದೆ. "ಇದರಲ್ಲಿ ಏನು ಓಡಿಸ್ತಿದ್ರಿ ಸಾರ್?" ಅಂದ ಹುಡುಗ. ವಾಕ್ಯದ ಆಟ ಅಂದೆ. ನಂಬಲಿಲ್ಲ.

ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ. ಜೊತೆಗೆ ಟೈಮರ್ ಇರುವ ಪ್ಲಗ್ ಒಂದು ತಂದೆ. ಬೆಳಿಗ್ಗೆ ಎರಡು ಗಂಟೆ ಹೊತ್ತು, ರಾತ್ರಿ ಎರಡು ಗಂಟೆ ಹೊತ್ತು ಮಾತ್ರ ಚಾರ್ಜ್. ಫೋನ್ ಈಗ ಕಪಾಟಿನ ಒಳಗಿಲ್ಲ, ಗಾಳಿ ಆಡುವ ಕಿಟಕಿಯ ಕಟ್ಟೆಯ ಮೇಲಿದೆ. ವಾರಕ್ಕೊಮ್ಮೆ ಬೆನ್ನು ಮುಟ್ಟಿ ನೋಡುತ್ತೇನೆ.